ಟ್ಯೂಬ್ ಹಚ್ಚಿದರೆ ಇಳಿದು, ಬಿಟ್ಟರೆ ಮರಳುವ ಡೈಪರ್ ದದ್ದು

ಪ್ರಶ್ನೆ: ನನ್ನ ಮಗಳಿಗೆ ಈಗ 11 ತಿಂಗಳು. ಒಂದೂವರೆ ತಿಂಗಳ ಹಿಂದೆ ಕಿವಿ ಸೋರುತ್ತಿದೆಯೆಂದು ವೈದ್ಯರು ಒಂದು ವಾರ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟಿದ್ದರು. ಅದೇ ಸಮಯದಲ್ಲಿ ಭೇದಿಯೂ ಆಯಿತು. ಆಗ ಡೈಪರ್ ಕಟ್ಟುವ ಜಾಗದಲ್ಲಿ ಶುರುವಾದ ಕೆಂಪು ದದ್ದು ಇನ್ನೂ ಹೋಗಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಮೂರು ದಿನಕ್ಕೆ ಇಳಿಯುತ್ತದೆ, ಬಿಟ್ಟರೆ ವಾರದೊಳಗೆ ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ಈಗ ತೊಡೆಸಂದಿಗೂ ಹಬ್ಬಿದೆ, ಸುತ್ತ ಸಣ್ಣ ಸಣ್ಣ ಗುಳ್ಳೆಗಳಿವೆ. ಡೈಪರ್‌ನಿಂದಲೇ ಹೀಗಾಗಿದೆ, ಹಳೆಯ ಸೀರೆಯ ಲಂಗೋಟಿ ಕಟ್ಟು ಎಂದು ಅತ್ತೆಯವರು ಹೇಳುತ್ತಾರೆ. ಕೊಬ್ಬರಿ ಎಣ್ಣೆ, ಪೌಡರ್, ಅರಿಶಿನ ಎಲ್ಲ ಆಯಿತು. ನಾನು ಏನು ತಪ್ಪು ಮಾಡುತ್ತಿದ್ದೇನೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲಿಗೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಓದಿ ನನಗೆ ನೋವಾಯಿತು. ಆರು ವಾರ ಮಗುವಿನ ಉರಿಯನ್ನು ನೋಡುತ್ತ, ಕಂಡವರು ಹೇಳಿದ್ದನ್ನೆಲ್ಲ ಮಾಡಿ ನೋಡಿದ್ದೀರಿ. ಇದು ನಿಮ್ಮ ಶುಚಿತ್ವದ ಕೊರತೆಯಿಂದ ಆದದ್ದಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಡೈಪರ್ ದದ್ದು ಅತಿ ಸಾಮಾನ್ಯ. 9ರಿಂದ 12 ತಿಂಗಳ ನಡುವೆ, ಅಂದರೆ ಮಗು ಮನೆಯೂಟಕ್ಕೆ ಹೊಂದಿಕೊಳ್ಳುವ ಹೊತ್ತಿನಲ್ಲಿ, ಅದು ಎಲ್ಲಕ್ಕಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಆದರೆ ಸಾಧಾರಣ ದದ್ದು ಸರಿಯಾದ ಆರೈಕೆ ಸಿಕ್ಕರೆ ಮೂರು ನಾಲ್ಕು ದಿನಗಳಲ್ಲಿ ಇಳಿಯಬೇಕು. ಆರು ವಾರ ಉಳಿದಿದೆ ಎಂದರೆ ಅದು ಈಗ ಬೇರೆ ಕಾಯಿಲೆಯಾಗಿದೆ ಅಥವಾ ನಾವು ಹಚ್ಚುತ್ತಿರುವುದರಲ್ಲೇ ಏನೋ ಅದನ್ನು ಜೀವಂತ ಇಟ್ಟಿದೆ. ನಿಮ್ಮ ಮಗಳ ವಿಷಯದಲ್ಲಿ ಎರಡೂ ಆಗಿರಬಹುದೆಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಕಣ್ಣಾರೆ ನೋಡದೆ ಕೊನೆಯ ಮಾತು ಹೇಳುವುದು ಸರಿಯಲ್ಲವಾದರೂ, ನೀವು ಬರೆದ ಮೂರು ಸಂಗತಿಗಳು ಒಂದೇ ದಿಕ್ಕನ್ನು ತೋರಿಸುತ್ತಿವೆ: ಆ್ಯಂಟಿಬಯೋಟಿಕ್ ಕೊಟ್ಟ ಸಮಯದಲ್ಲಿ ಶುರುವಾದದ್ದು, ತೊಡೆಸಂದಿಯ ಒಳಗೆ ಹೋದದ್ದು ಮತ್ತು ಟ್ಯೂಬ್‌ನಿಂದ ಮೂರೇ ದಿನಕ್ಕೆ ಇಳಿದು ಮತ್ತೆ ಮರಳುತ್ತಿರುವುದು.

ದದ್ದು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅತ್ತೆಯವರ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದೂ ತಿಳಿಯುತ್ತದೆ. ಒದ್ದೆಯಾಗಿಯೇ ಉಳಿದ ಚರ್ಮ ನೀರಿನಲ್ಲಿ ನೆನೆದ ಬೆರಳ ತುದಿಯಂತೆ ಮೆತ್ತಗಾಗುತ್ತದೆ, ಬಟ್ಟೆಯ ಸಣ್ಣ ಉಜ್ಜಾಟಕ್ಕೂ ಸುಲಿಯುತ್ತದೆ. ಮೂತ್ರದ ಅಮೋನಿಯಾ ಚರ್ಮವನ್ನು ಸುಡುತ್ತದೆ ಎಂದು ಹಿಂದೆ ನಂಬಿದ್ದರು. ಈಗ ತಿಳಿದಿರುವುದು ಸ್ವಲ್ಪ ಬೇರೆ. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದರಿಂದ ಚರ್ಮಕ್ಕೆ ಸಹಜವಾಗಿರುವ ಹುಳಿ ಗುಣ ಕಡಿಮೆಯಾಗುತ್ತದೆ. ಹುಳಿ ಕಡಿಮೆಯಾದ ಕೂಡಲೇ ಮಲದಲ್ಲಿ ಉಳಿದಿರುವ, ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಜೀರ್ಣರಸದ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕರಗಿಸಲು ತೊಡಗುತ್ತವೆ. ಹಾಗಾಗಿ ಬರೀ ಮೂತ್ರದಿಂದಾಗುವ ಹಾನಿ ಕಡಿಮೆ, ಮೂತ್ರ ಮತ್ತು ಮಲ ಬೆರೆತಾಗ ಆಗುವುದು ಹೆಚ್ಚು. ಭೇದಿಯಾದಾಗ ಮಲ ಕರುಳಿನಲ್ಲಿ ನಿಲ್ಲದೆ ಬೇಗ ಹೊರಬರುವುದರಿಂದ ಈ ಕಿಣ್ವಗಳು ಇನ್ನೂ ಹೆಚ್ಚಾಗಿರುತ್ತವೆ. ಒಂದೇ ದಿನದ ಭೇದಿಗೆ ಮಗುವಿನ ಪೃಷ್ಠ ಸುಟ್ಟಂತೆ ಕೆಂಪಾಗುವುದಕ್ಕೆ ಇದೇ ಕಾರಣ.

ಇನ್ನು ಡೈಪರೋ ಲಂಗೋಟಿಯೋ ಎಂಬ ಪ್ರಶ್ನೆ. ಸೀರೆಯ ಹಳೆಯ ಹತ್ತಿಬಟ್ಟೆ ಮೃದುವಾಗಿರುತ್ತದೆ, ಗಾಳಿಯಾಡುತ್ತದೆ, ಒದ್ದೆಯಾದದ್ದು ತಕ್ಷಣ ಕೈಗೆ ತಿಳಿಯುತ್ತದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿದ್ದು, ಒದ್ದೆಯಾದಾಗಲೆಲ್ಲ ಬದಲಿಸುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಅತ್ತೆಯವರ ಅನುಭವ ಇದನ್ನೇ ಹೇಳುತ್ತಿದೆ. ಆದರೆ ಅದೇ ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ, ಅಥವಾ ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲೇ ಮಲಗಿಸಿದರೆ, ತೇವವನ್ನು ಹೀರಿ ಒಳಗೆ ಹಿಡಿದಿಡುವ ಒಳ್ಳೆಯ ಡೈಪರೇ ಮೇಲು. ಡೈಪರ್‌ನ ತಪ್ಪು ಎಲ್ಲಿದೆ ಎಂದರೆ, ಅದು ತುಂಬಿ ಜೋತುಬಿದ್ದಿದ್ದರೂ ಹೊರಗಿನಿಂದ ಒಣಗಿದಂತೆ ಕಾಣಿಸಿ ನಮ್ಮನ್ನು ಮೈಮರೆಸುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ, ಮಲ ಮಾಡಿದ್ದರೆ ತಕ್ಷಣ ಬದಲಿಸುವುದಾದರೆ ಎರಡರಲ್ಲಿ ಯಾವುದಾದರೂ ಆದೀತು. ನಾನಾದರೆ ದದ್ದು ಇರುವಷ್ಟು ದಿನ ಹಗಲು ಸಡಿಲ ಲಂಗೋಟಿ, ರಾತ್ರಿಗೆ ಒಂದು ಅಳತೆ ದೊಡ್ಡದಾದ ಡೈಪರ್ ಎಂದು ಹೇಳುತ್ತೇನೆ. ಬಟ್ಟೆ ಬಳಸುವುದಾದರೆ ಒಗೆದ ಮೇಲೆ ಸೋಪಿನ ಜಿಡ್ಡು ಪೂರ್ತಿ ಹೋಗುವಂತೆ ಎರಡು ಮೂರು ನೀರಿನಲ್ಲಿ ಜಾಲಿಸಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಸುಲಭವಾಗಿ ಬಿಡುವುದಿಲ್ಲ. ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆಯನ್ನು ಕಟ್ಟುವುದಕ್ಕಿಂತ ಇಸ್ತ್ರಿ ಮಾಡಿ ಕಟ್ಟುವುದು ಒಳ್ಳೆಯದು.

ಈಗ ಮಗುವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ ಮಲಗಿಸಿ ಒಮ್ಮೆ ಸರಿಯಾಗಿ ನೋಡಿ. ಎರಡು ಕಾಲುಗಳನ್ನು ನಿಧಾನವಾಗಿ ಅಗಲಿಸಿ ತೊಡೆಸಂದಿಯ ಮಡಿಕೆಯನ್ನು ಬಿಡಿಸಬೇಕು. ಒದ್ದೆ ಮತ್ತು ಉಜ್ಜಾಟದಿಂದ ಬರುವ ಸಾಧಾರಣ ದದ್ದು ಡೈಪರ್ ಎಲ್ಲಿ ತಾಗುತ್ತದೋ ಅಲ್ಲಿ, ಅಂದರೆ ಪೃಷ್ಠದ ಉಬ್ಬು, ಕಿಬ್ಬೊಟ್ಟೆಯ ಕೆಳಭಾಗ, ತೊಡೆಯ ಒಳಮೈ ಇಲ್ಲೆಲ್ಲ ಕೆಂಪಾಗಿ ಹೊಳೆಯುತ್ತದೆ. ಮಡಿಕೆಯ ಆಳದಲ್ಲಿ ಚರ್ಮ ಮಾಮೂಲಿನಂತೆಯೇ ಉಳಿದಿರುತ್ತದೆ. ಅದಕ್ಕೆ ವಿರುದ್ಧವಾಗಿ, ಮಡಿಕೆಯ ಆಳದಲ್ಲೇ ಹಸಿ ಮಾಂಸದಂಥ ಗಾಢ ಕೆಂಪು, ಅದರ ಅಂಚಿನಲ್ಲಿ ತೆಳುವಾದ ಬಿಳಿ ಸಿಪ್ಪೆ, ಆ ಅಂಚಿನಿಂದ ಆಚೆ ಚೆನ್ನಾಗಿರುವ ಚರ್ಮದ ಮೇಲೆ ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು ಅಥವಾ ಕೀವಿನ ಚುಕ್ಕೆಗಳು ಕಂಡರೆ, ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ನೀವು ಬರೆದಿರುವ ‘ಸುತ್ತಲಿನ ಸಣ್ಣ ಗುಳ್ಳೆಗಳು’ ಇವೇ ಇರಬೇಕು. ಈ ಶಿಲೀಂಧ್ರ ಮಗುವಿನ ಕರುಳಿನಲ್ಲಿ ತೆಪ್ಪಗೆ ಇರುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟಾಗ ಅದನ್ನು ಹತೋಟಿಯಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅದು ಹೆಚ್ಚಾಗಿ ಮಲದೊಂದಿಗೆ ಹೊರಬಂದು, ಮೊದಲೇ ಸುಲಿದಿರುವ ಒದ್ದೆ ಚರ್ಮದಲ್ಲಿ ನೆಲೆಯೂರುತ್ತದೆ. ಮೂರು ದಿನ ಮೀರಿದ ಯಾವುದೇ ಡೈಪರ್ ದದ್ದಿನಲ್ಲಿ ಕ್ಯಾಂಡಿಡಾ ಸೇರಿಕೊಂಡಿದೆಯೇ ಎಂದು ನಾವು ಹುಡುಕುವುದು ಇದಕ್ಕಾಗಿಯೇ. ಮಗುವಿನ ಬಾಯೊಳಗೂ ನೋಡಿ: ನಾಲಗೆಯ ಮೇಲೆ, ಕೆನ್ನೆಯ ಒಳಗೆ ಒರೆಸಿದರೆ ಹೋಗದ, ಮೊಸರು ಅಂಟಿದಂಥ ಬಿಳಿ ಪದರವಿದ್ದರೆ ಬಾಯಿಗೂ ಚಿಕಿತ್ಸೆ ಬೇಕು. ಎದೆಹಾಲು ಕುಡಿಸುತ್ತಿದ್ದು ನಿಮ್ಮ ಮೊಲೆತೊಟ್ಟು ಕೆಂಪಾಗಿ ಉರಿಯುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ.

ಇಷ್ಟಾದ ಮೇಲೆ ಆ ಟ್ಯೂಬ್. ಅದನ್ನು ತೆಗೆದುಕೊಂಡು, ಹಿಂಬದಿಯಲ್ಲಿ ಇರುವೆಯ ಸಾಲಿನಂತೆ ಮುದ್ರಿಸಿರುವ ಹೆಸರುಗಳನ್ನು ಓದಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಹೀಗೆ ‘ಸೋನ್’ ಅಥವಾ ‘ಸಾಲ್’ ಎಂದು ಮುಗಿಯುವ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್ ಆಗಿರುವ ಸಂಭವ ಬಹಳ. ನಮ್ಮಲ್ಲಿ ಮಾರಾಟವಾಗುವ ಅನೇಕ ಮುಲಾಮುಗಳಲ್ಲಿ ಒಂದು ಬಲವಾದ ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯೋಟಿಕ್ ಮೂರನ್ನೂ ಒಟ್ಟಿಗೆ ಬೆರೆಸಿರುತ್ತಾರೆ. ಕಾಯಿಲೆ ಯಾವುದೆಂದು ಗೊತ್ತಿಲ್ಲದೆಯೂ ಕೊಡಬಹುದಾದ್ದರಿಂದ ಅವು ಅಷ್ಟು ಸಲೀಸಾಗಿ ಕೈಗೆ ಬರುತ್ತವೆ. ಸ್ಟೀರಾಯ್ಡ್ ಚರ್ಮದ ಉರಿಯೂತವನ್ನು ಅದುಮುತ್ತದೆ. ಕೆಂಪು ಇಳಿಯುತ್ತದೆ, ಮಗು ಅಳುವುದನ್ನು ನಿಲ್ಲಿಸುತ್ತದೆ, ಮನೆಯವರಿಗೆ ಔಷಧ ಹಿಡಿಯಿತು ಎನಿಸುತ್ತದೆ. ಆದರೆ ಶಿಲೀಂಧ್ರದೊಂದಿಗೆ ಹೋರಾಡಬೇಕಾದ ಚರ್ಮದ ಸ್ವಂತ ಶಕ್ತಿಯನ್ನೂ ಅದು ಅದುಮುತ್ತದೆ. ಕೆಂಪು ಹೋಯಿತೆಂದು ನೀವು ಮೂರನೇ ದಿನಕ್ಕೆ ನಿಲ್ಲಿಸಿದಾಗ ಅದರಲ್ಲಿದ್ದ ಶಿಲೀಂಧ್ರನಾಶಕಕ್ಕೆ ಕೆಲಸ ಮುಗಿಸುವಷ್ಟು ಕಾಲ ಸಿಕ್ಕಿರುವುದಿಲ್ಲ. ಉಳಿದ ಶಿಲೀಂಧ್ರ ತಡೆಯಿಲ್ಲದೆ ಹಬ್ಬುತ್ತದೆ. ನಿಮ್ಮ ಮಗಳ ಒಂದೂವರೆ ತಿಂಗಳ ಕಥೆ ಇದೇ ಚಕ್ರದ ಸುತ್ತಾಟವೆಂದು ನನ್ನ ಬಲವಾದ ಅನುಮಾನ.

ಡೈಪರ್ ಒಳಗೆ ಸ್ಟೀರಾಯ್ಡ್ ಹಚ್ಚುವುದು ಬೇರೆ ಕಡೆ ಹಚ್ಚಿದಂತಲ್ಲ. ಅಲ್ಲಿನ ಚರ್ಮ ತೆಳು, ಮೇಲೆ ಡೈಪರ್‌ನ ಮುಚ್ಚಳ, ಒಳಗೆ ಬಿಸಿ ಮತ್ತು ತೇವ. ಹಚ್ಚಿದ ಔಷಧ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳು ಕಾಣುತ್ತವೆ, ತೊಡೆಯ ಮೇಲೆ ಗೆರೆಗಳು ಬೀಳುತ್ತವೆ, ಕೆಲವು ಮಕ್ಕಳಲ್ಲಿ ನೇರಳೆ ಛಾಯೆಯ ಗಟ್ಟಿ ಗಂಟುಗಳೂ ಏಳುತ್ತವೆ. ಎಂಟು ತಿಂಗಳ ಒಂದು ಗಂಡುಮಗುವನ್ನು ನನ್ನ ಬಳಿ ತಂದಾಗ ಮನೆಯವರೆಲ್ಲ ಅದರ ದುಂಡು ಮುಖ, ತುಂಬಿದ ಕೆನ್ನೆಗಳನ್ನು ಕಂಡು ಸಂತೋಷದಲ್ಲಿದ್ದರು. ದದ್ದಿಗೆಂದು ಮೂರು ತಿಂಗಳಿಂದ ಪ್ರತಿ ಬಾರಿ ಡೈಪರ್ ಬದಲಿಸುವಾಗಲೂ ಕ್ಲೊಬೆಟಾಸಾಲ್ ಹಚ್ಚುತ್ತಿದ್ದರು. ಆ ದುಂಡುತನ ಆರೋಗ್ಯದ್ದಾಗಿರಲಿಲ್ಲ. ಹೊರಗಿನ ಸ್ಟೀರಾಯ್ಡ್‌ಗೆ ಒಗ್ಗಿದ ಆ ಮಗುವಿನ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಿತ್ತು. ಅದನ್ನು ಸರಿದಾರಿಗೆ ತರಲು ತಿಂಗಳುಗಳೇ ಹಿಡಿದವು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಹಾಗಿದ್ದೂ ನಿಮಗೆ ಅದು ಕೇಳಿದ ತಕ್ಷಣ ಸಿಕ್ಕಿದ್ದರೆ, ಆ ತಪ್ಪು ನಿಮ್ಮದಲ್ಲ.

ನಿಮ್ಮ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದು, ನೀವು ಬರೆದಂತೆ ಮೂರು ಮೂರು ದಿನ ಬಿಟ್ಟು ಬಿಟ್ಟು ಹಚ್ಚಿದ್ದರೆ ಇಂದೇ ನಿಲ್ಲಿಸಬಹುದು. ನಿಲ್ಲಿಸಿದ ಮೊದಲ ಕೆಲವು ದಿನ ದದ್ದು ಹೆಚ್ಚಾದಂತೆ ಕಾಣಬಹುದು; ಆಗ ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ವಾರಗಟ್ಟಲೆ ಬಿಡದೆ ಹಚ್ಚಿದ್ದವರು ಮಾತ್ರ ತಾವೇ ನಿಲ್ಲಿಸದೆ ತಡಮಾಡದೆ ವೈದ್ಯರನ್ನು ಕಾಣಬೇಕು, ಏಕೆಂದರೆ ಅಂಥ ಮಗುವಿಗೆ ನಿಧಾನವಾಗಿ ಕಡಿಮೆ ಮಾಡುತ್ತ ಬರಬೇಕಾಗಬಹುದು. ಉರಿಯೂತ ತೀರ ಹೆಚ್ಚಿದ್ದಾಗ ನಾವು ಕೂಡ 1 ಶೇಕಡಾ ಹೈಡ್ರೊಕಾರ್ಟಿಸೋನ್ ಎಂಬ ಮೃದುವಾದ ಸ್ಟೀರಾಯ್ಡನ್ನು ಕೆಲವೇ ದಿನಗಳ ಮಟ್ಟಿಗೆ ಕೊಡುವುದುಂಟು. ಅದು ನೋಡಿ ಅಳೆದು ಕೊಡುವ ಔಷಧ, ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದಲ್ಲ.

ಬದಲಿಗೆ ಏನು ಮಾಡಬೇಕು? ಕ್ಯಾಂಡಿಡಾ ಎಂದು ವೈದ್ಯರು ಖಚಿತಪಡಿಸಿದರೆ, ಬೇರೇನೂ ಬೆರೆಸದ ಬರೀ ಕ್ಲೊಟ್ರಿಮಜೋಲ್ 1 ಶೇಕಡಾ ಕ್ರೀಮ್ ಸಾಮಾನ್ಯವಾಗಿ ಸಾಕಾಗುತ್ತದೆ. ದಿನಕ್ಕೆ ಎರಡು ಬಾರಿ, ಕೆಂಪು ಜಾಗದ ಮೇಲಷ್ಟೇ ಅಲ್ಲದೆ ಅದರ ಅಂಚಿನಿಂದ ಒಂದು ಬೆರಳಿನಷ್ಟು ಆಚೆಗೂ, ಮಡಿಕೆಯ ಆಳಕ್ಕೂ ತೆಳುವಾಗಿ ಸವರಬೇಕು. ಕಣ್ಣಿಗೆ ವಾಸಿಯಾದಂತೆ ಕಂಡ ಮೇಲೂ ಒಂದು ವಾರ ಮುಂದುವರಿಸಬೇಕು. ಮೂರನೇ ದಿನಕ್ಕೆ ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕಾದದ್ದು ಇಲ್ಲಿಯೇ.

ಈ ಔಷಧ ಹೀರಿಕೊಂಡ ಮೇಲೆ ಅದರ ಮೇಲೆ ತಡೆಪದರ ಬೇಕು. ಜಿಂಕ್ ಆಕ್ಸೈಡ್ ಇರುವ ಪೇಸ್ಟ್ ಅಥವಾ ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಎರಡೂ ಆಗುತ್ತವೆ; ಭೇದಿ ಇದ್ದಾಗ ಜಿಂಕ್ ಹೆಚ್ಚಿರುವ ಗಟ್ಟಿ ಪೇಸ್ಟ್ ವಾಸಿ. ಬಹುತೇಕ ತಾಯಂದಿರು ಇದನ್ನು ಮುಖಕ್ಕೆ ಕ್ರೀಮ್ ಹಚ್ಚುವಂತೆ ಉಜ್ಜಿ ಉಜ್ಜಿ ಮಾಯವಾಗಿಸುತ್ತಾರೆ. ಹಾಗಲ್ಲ, ಗೋಡೆಗೆ ಸುಣ್ಣ ಬಳಿದಂತೆ ಕೆಳಗಿನ ಚರ್ಮ ಕಾಣದಷ್ಟು ದಪ್ಪಗೆ ಬಳಿಯಬೇಕು, ಏಕೆಂದರೆ ಮಲ ಮತ್ತು ಚರ್ಮದ ನಡುವೆ ಗೋಡೆಯಾಗಿ ನಿಲ್ಲುವುದೇ ಅದರ ಕೆಲಸ. ಮುಂದಿನ ಬಾರಿ ಡೈಪರ್ ಬಿಚ್ಚಿದಾಗ ಮೇಲೆ ಅಂಟಿದ ಮಲವನ್ನಷ್ಟೇ ತೆಗೆಯಿರಿ. ಕೆಳಗಿನ ಬಿಳಿ ಪದರವನ್ನು ತಿಕ್ಕಿ ತೆಗೆಯುವುದು ಬೇಡ, ಅದರ ಮೇಲೆಯೇ ಇನ್ನಷ್ಟು ಹಚ್ಚಿ. ದಿನಕ್ಕೊಮ್ಮೆ ಪೂರ್ತಿ ತೆಗೆಯಬೇಕೆನಿಸಿದರೆ ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ನೋವಿಲ್ಲದೆ ಬರುತ್ತದೆ. ನಿಮ್ಮ ಕೊಬ್ಬರಿ ಎಣ್ಣೆಗೆ ಇದು ತಕ್ಕ ಕೆಲಸ.

ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಚೊಂಬಿನಿಂದ ನೀರು ಹರಿಸಿ, ಕೈಯಿಂದ ಮೆಲ್ಲಗೆ ತೊಳೆದು, ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರು ಹೀರಿಸಬೇಕೇ ಹೊರತು ಉಜ್ಜಬಾರದು. ದದ್ದು ವಾಸಿಯಾಗುವವರೆಗೆ ಸುವಾಸನೆಯ ವೈಪ್‌ಗಳನ್ನು ಬಿಡಿ. ಅವುಗಳಲ್ಲಿನ ಸುಗಂಧ ಮತ್ತು ಕೆಡದಂತೆ ಬೆರೆಸುವ ರಾಸಾಯನಿಕಗಳೇ ಕೆಲವು ಮಕ್ಕಳಿಗೆ ಅಲರ್ಜಿ ತರುತ್ತವೆ. ಸ್ನಾನದ ನೀರಿಗೆ ಡೆಟಾಲ್ ಹಾಕುವುದು, ಸುಲಿದ ಚರ್ಮವನ್ನು ಕಡಲೆಹಿಟ್ಟಿನಿಂದ ತಿಕ್ಕುವುದು ಎರಡೂ ಬೇಡ. ದಿನಕ್ಕೆ ಮೂರು ನಾಲ್ಕು ಬಾರಿ, ಒಂದೊಂದು ಬಾರಿ ಹತ್ತು ಹದಿನೈದು ನಿಮಿಷ, ಬಟ್ಟೆಯನ್ನೇ ಕಟ್ಟದೆ ಹಾಗೇ ಗಾಳಿಗೆ ಬಿಡಿ. ಚಾಪೆ ಒದ್ದೆಯಾದರೆ ಆಗಲಿ.

ಪೌಡರ್ ಪೂರ್ತಿ ನಿಲ್ಲಿಸಿ. ಅದು ಮಡಿಕೆಯಲ್ಲಿ ಮೂತ್ರದೊಂದಿಗೆ ಕಲೆತು ಗಂಟುಕಟ್ಟಿ ಉಜ್ಜುತ್ತದೆ; ಅದಕ್ಕಿಂತ ಮುಖ್ಯವಾಗಿ ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಬೋರಿಕ್ ಪೌಡರ್ ಅಂತೂ ಮಕ್ಕಳ ಹತ್ತಿರವೂ ಸುಳಿಯಬಾರದು. ಸುಲಿದ ಚರ್ಮದಿಂದ ಅದು ರಕ್ತಕ್ಕೆ ಸೇರಿ ಪ್ರಾಣಕ್ಕೇ ಎರವಾದದ್ದುಂಟು. ಅಡುಗೆ ಸೋಡಾ ಕಲಸಿ ಹಚ್ಚುವುದೂ ಅಪಾಯಕಾರಿ. ಅರಿಶಿನದ ಬಗ್ಗೆ ನಮಗೆಲ್ಲ ಪ್ರೀತಿಯಿದೆ, ಆದರೆ ಹಸಿ ಹುಣ್ಣಿನಂಥ ಚರ್ಮಕ್ಕೆ ಅದೂ ಉರಿ ತರಬಹುದು. ಜೊತೆಗೆ ಅದರ ಹಳದಿ ಬಣ್ಣ ಹತ್ತಿದರೆ ಕೆಂಪು ಎಷ್ಟಿದೆ ಎಂದು ವೈದ್ಯರಿಗೂ ಕಾಣುವುದಿಲ್ಲ. ಇನ್ನೊಂದು ಚಿಕ್ಕ ವಿಷಯವನ್ನು ನಾನು ಪ್ರತಿ ಮಗುವಿನಲ್ಲೂ ನೋಡುತ್ತೇನೆ: ಸೊಂಟದ ಉಡಿದಾರ. ಡೈಪರ್‌ನ ಅಂಚಿನಡಿಯಲ್ಲಿ ಸದಾ ಒದ್ದೆಯಾಗಿ, ಎಣ್ಣೆ ಮತ್ತು ಮಲ ಹತ್ತಿ ಗಟ್ಟಿಯಾದ ಕಪ್ಪುದಾರ ಚರ್ಮವನ್ನು ಕೊರೆಯುತ್ತಿರುತ್ತದೆ. ಶಾಸ್ತ್ರಕ್ಕೆ ಬೇಕೆಂದರೆ ಹೊಸ ದಾರವನ್ನು ದದ್ದು ವಾಸಿಯಾದ ಮೇಲೆ ಸಡಿಲವಾಗಿ ಕಟ್ಟಿ. ಈಗ ಇರುವುದನ್ನು ಬಿಚ್ಚಿಬಿಡಿ.

ಇಷ್ಟನ್ನೂ ಶ್ರದ್ಧೆಯಿಂದ ಮಾಡಿ ಒಂದು ವಾರ ಕಳೆದರೂ ಇಳಿಮುಖವಾಗದಿದ್ದರೆ, ಮುಲಾಮು ಬದಲಿಸುವ ಬದಲು ರೋಗನಿರ್ಣಯವನ್ನು ಮತ್ತೊಮ್ಮೆ ನೋಡಬೇಕು. ನಮ್ಮಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಇನ್ನಾರಿಗಾದರೂ ತುರಿಕೆ ಇದೆಯೇ ಎಂಬುದು. ಕಳೆದ ಹತ್ತು ವರ್ಷಗಳಲ್ಲಿ ಭಾರತದಾದ್ಯಂತ ಹುಳುಕಡ್ಡಿ ಎಂಬ ಇನ್ನೊಂದು ಬಗೆಯ ಶಿಲೀಂಧ್ರ ಸೋಂಕು ಮನೆಮನೆಗೆ ಹಬ್ಬಿದೆ. ತಾಯಿಯ ಸೊಂಟದಲ್ಲಿ, ತಂದೆಯ ತೊಡೆಸಂದಿಯಲ್ಲಿ ಇರುವ ಹುಳುಕಡ್ಡಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳುವಾಗ, ಒಂದೇ ಟವೆಲ್ ಬಳಸುವಾಗ ಹಸುಗೂಸಿಗೂ ಅಂಟುತ್ತದೆ. ಸ್ಟೀರಾಯ್ಡ್ ಹಚ್ಚಿದ ಹುಳುಕಡ್ಡಿ ತನ್ನ ಉಂಗುರದ ಆಕಾರ ಕಳೆದುಕೊಂಡು ಗುರುತೇ ಸಿಗದಂತೆ ಆಗುತ್ತದೆ. ಅಂಚಿನ ಸಿಪ್ಪೆಯನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಸುಲಭ, ನೋವಿಲ್ಲದ್ದು. ಅದನ್ನು ಮಾಡಿಸಲು ಕೇಳಿ. ಹುಳುಕಡ್ಡಿಯ ಶಿಲೀಂಧ್ರ ಕಂಡರೆ ಮನೆಯಲ್ಲಿ ಅದು ಇರುವವರೆಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಮಗುವಿನ ಅಂಗೈ, ಅಂಗಾಲು, ಕಂಕುಳಲ್ಲೂ ಗುಳ್ಳೆಗಳಿದ್ದರೆ ಅದು ಕಜ್ಜಿ. ಅದಕ್ಕೂ ಎಲ್ಲರಿಗೂ ಒಂದೇ ದಿನ ಔಷಧ ಹಚ್ಚಬೇಕು.

ನಿಮ್ಮ ಮನೆಯಲ್ಲಿ ಇನ್ನೂ ದೊಡ್ಡ ಮಗುವಿದ್ದರೆ ಇದನ್ನೂ ತಿಳಿದಿರಿ: ಎರಡು ಮೂರು ವರ್ಷದ ಮಕ್ಕಳಲ್ಲಿ ಗುದದ್ವಾರದ ಸುತ್ತ ಮಾತ್ರ, ಗೆರೆ ಎಳೆದಂಥ ಅಂಚಿನ ಕಡುಗೆಂಪು ಕಂಡು, ಮಗು ಮಲ ಮಾಡಲು ಹೆದರಿ ತಡೆದುಕೊಳ್ಳುತ್ತಿದ್ದರೆ, ಮಲದಲ್ಲಿ ರಕ್ತದ ಎಳೆ ಕಂಡರೆ, ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿರಬಹುದು. ಅದನ್ನು ಮಲಬದ್ಧತೆಯೆಂದೋ ಜಂತುಹುಳವೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವುದನ್ನು ನೋಡಿದ್ದೇನೆ. ಅದಕ್ಕೆ ಹಚ್ಚುವ ಮುಲಾಮು ಮಾತ್ರ ಸಾಲದು, ಬಾಯಿಯ ಮೂಲಕ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

ಅಪರೂಪದವೂ ಇವೆ. ದದ್ದು ಡೈಪರ್ ಜಾಗದ ಜೊತೆಗೆ ಬಾಯಿಯ ಸುತ್ತ ಮತ್ತು ಕೈಕಾಲುಗಳ ಬೆರಳ ಸುತ್ತಲೂ ಬಂದು, ಭೇದಿ ನಿಲ್ಲದೆ, ಕೂದಲು ಉದುರಿ, ಮಗು ಸದಾ ಕಿರಿಕಿರಿಯಿಂದ ಇದ್ದರೆ ಸತುವಿನ ಕೊರತೆಯನ್ನು ನೆನೆಯಬೇಕು. ಬಾಯಿಯ ಮೂಲಕ ಸತು ಕೊಟ್ಟರೆ ಕೆಲವೇ ದಿನಗಳಲ್ಲಿ ಚರ್ಮ ತಿಳಿಯಾಗುವುದನ್ನು ನೋಡುವುದು ವೈದ್ಯರಿಗೂ ಒಂದು ಸಂತೋಷ. ತೊಡೆಸಂದಿಯ ಜೊತೆ ನೆತ್ತಿಯಲ್ಲೂ ಹೊಟ್ಟಿನಂಥ ದದ್ದಿದ್ದು, ಅದರಲ್ಲಿ ಒತ್ತಿದರೂ ಮಾಸದ ರಕ್ತದ ಚುಕ್ಕೆಗಳು ಕಂಡರೆ, ಹೊಟ್ಟೆ ಉಬ್ಬಿದ್ದರೆ, ಚರ್ಮದ ಒಂದು ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಲ್ಯಾಂಗರ್‌ಹ್ಯಾನ್ಸ್ ಹಿಸ್ಟಿಯೊಸೈಟೋಸಿಸ್ ಎಂಬ ಗಂಭೀರ ಕಾಯಿಲೆ ಹೀಗೆ ಡೈಪರ್ ದದ್ದಿನ ವೇಷದಲ್ಲಿ ಬರುವುದುಂಟು. ನಿಮ್ಮ ಪತ್ರದಲ್ಲಿ ಇವುಗಳ ಸುಳಿವಿಲ್ಲ.

ಆದರೆ ಜ್ವರ ಬಂದರೆ, ಚರ್ಮದ ಮೇಲೆ ನೀರು ಅಥವಾ ಕೀವು ತುಂಬಿದ ದೊಡ್ಡ ಬೊಬ್ಬೆಗಳೆದ್ದರೆ, ಆಳವಾದ ಹುಣ್ಣಾಗಿ ರಕ್ತ ಒಸರಿದರೆ, ಮೂತ್ರ ಮಾಡುವಾಗ ಮಗು ಕಿರುಚಿದರೆ, ಹಾಲು ಕುಡಿಯುವುದು ಬಿಟ್ಟು ಮಂಕಾಗಿ ಮಲಗಿದರೆ ಒಂದು ವಾರ ಕಾಯುವುದು ಬೇಡ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ವಾರದಲ್ಲಿ ಮಕ್ಕಳ ವೈದ್ಯರನ್ನೋ ಚರ್ಮವೈದ್ಯರನ್ನೋ ಕಾಣುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹೋಗುವ ಮುನ್ನ ಬೆಳಿಗ್ಗೆ ಏನನ್ನೂ ಹಚ್ಚಬೇಡಿ. ದದ್ದು ತೀರ ಕೆರಳಿದ್ದ ದಿನ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಅದನ್ನೂ ತೋರಿಸಿ. ಮುಂದೆಂದಾದರೂ ಮಗುವಿಗೆ ಆ್ಯಂಟಿಬಯೋಟಿಕ್ ಕೊಡಬೇಕಾಗಿ ಬಂದರೆ, ಕೆಂಪಾಗಲೆಂದು ಕಾಯದೆ ಮೊದಲ ದಿನದಿಂದಲೇ ಜಿಂಕ್ ಪೇಸ್ಟನ್ನು ದಪ್ಪಗೆ ಹಚ್ಚಲು ಶುರುಮಾಡಿ.